ಓರೆಗೆರೆಯ ವ್ಯಾಕರಣ

ನಿವೃತ್ತನಾದ ಕನ್ನಡ ಅಧ್ಯಾಪಕನೊಬ್ಬ ಗಣಕಯಂತ್ರದಲ್ಲಿ ಓರೆಗೆರೆ ಎಳೆಯುವ ಕ್ರಮವನ್ನು ಕುರಿತು ಮಾತನಾಡುತ್ತೇನೆಂದರೆ, ಕೇಳುವವರು ಮೊದಲು ನಗಬಹುದು, ಆಮೇಲೆ ಸಂಶಯಪಡಬಹುದು. ಎರಡೂ ನ್ಯಾಯವೇ. ವಿಭಕ್ತಿ, ಸಂಧಿ, ಸಮಾಸಗಳ ನಡುವೆ ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲ ಕಳೆದ ನನಗೆ ಕೋನಮಾಪಕವನ್ನು ಕೈಯಲ್ಲಿ ಹಿಡಿದ ನೆನಪು ಪ್ರೌಢಶಾಲೆಯದು. ಅದೂ ಅಷ್ಟೇನೂ ಸಂತೋಷದ ನೆನಪಲ್ಲ. ಆದರೂ ಈ ವಿಷಯ ನನ್ನ ಬಳಿಗೆ ಬಂದದ್ದು ವ್ಯಾಕರಣದ ಬಾಗಿಲಿನಿಂದಲೇ. ಆದಕಾರಣ ಬಂದ ದಾರಿಯಲ್ಲಿಯೇ ಅದನ್ನು ನಿಮ್ಮ ಮುಂದಿಡುತ್ತೇನೆ.

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಹಿಂದಿನ ಬೀದಿಯ ಗಾರೆ ಕೆಲಸದವರೊಬ್ಬರ ಮಗ ಒಂದು ಸಂಜೆ ಮನೆಗೆ ಬಂದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ಸಿವಿಲ್ ಡಿಪ್ಲೊಮಾಕ್ಕೆ ಸೇರಿದ್ದ ಹುಡುಗ. ಕೈಯಲ್ಲೊಂದು ಅರ್ಜಿಯಿತ್ತು. ಓದನ್ನು ನಿಲ್ಲಿಸುವುದಾಗಿಯೂ ವರ್ಗಾವಣೆ ಪತ್ರವನ್ನು ಕೊಡಿಸಬೇಕೆಂದೂ ಪ್ರಾಂಶುಪಾಲರಿಗೆ ಬರೆದದ್ದು. ಕಾಗುಣಿತ ತಿದ್ದಿಕೊಡಿ ಎಂದ. ತಿದ್ದಲು ಏನೂ ಇರಲಿಲ್ಲ. ಒಂದು ದೀರ್ಘ ಕೂಡ ತಪ್ಪಿರಲಿಲ್ಲ. ಇಷ್ಟು ನೇರ್ಪಾಗಿ ಬರೆಯುವವನು ಓದು ಬಿಡುವುದೇಕೆ ಎಂದು ಕೇಳಿದೆ. ಬಹಳ ಹೊತ್ತು ತಡೆದು ಹೇಳಿದ: ಗಣಕಯಂತ್ರದಲ್ಲಿ ನಕ್ಷೆ ಬರೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಸಲ ಸೋತಿದ್ದಾನೆ. ಕೇಳಿದ್ದು ಒಂದು ಷಡ್ಭುಜ. ಸೋದರಮಾವನ ಮಗನ ಮನೆಯಲ್ಲಿರುವ ಯಂತ್ರದಲ್ಲಿ ಅದೇ ಅಂಕಿಗಳನ್ನು ಒತ್ತಿದರೆ ಷಡ್ಭುಜ ಸರಿಯಾಗಿ ಮೂಡುತ್ತದೆ. ಕಾಲೇಜಿನ ಯಂತ್ರದಲ್ಲಿ ಒತ್ತಿದರೆ ಗೆರೆ ಎಲ್ಲಿಗೋ ಓಡಿಹೋಗುತ್ತದೆ. ಮೇಷ್ಟರು ಅಜಾಗರೂಕ ಎಂದರು. ಇವನು ತಾನು ದಡ್ಡನೆಂದು ತೀರ್ಮಾನಿಸಿಕೊಂಡು, ತಂದೆಯ ಜತೆ ಕರಣೆ ಹಿಡಿಯುವುದೇ ಸರಿಯೆಂದು ನಿಶ್ಚಯಿಸಿದ್ದ.

ಕರಣೆ ಹಿಡಿಯುವುದು ಕೀಳು ಕೆಲಸವೆಂದು ನಾನು ಎಂದೂ ಭಾವಿಸಿದವನಲ್ಲ. ಆದರೆ ಒಂದೇ ಮಾತು ಒಂದು ಮನೆಯಲ್ಲಿ ಒಂದರ್ಥ, ಇನ್ನೊಂದು ಮನೆಯಲ್ಲಿ ಇನ್ನೊಂದರ್ಥ ಕೊಡುತ್ತದೆಯೆಂದರೆ ಅದು ದಡ್ಡತನದ ಪ್ರಶ್ನೆಯಲ್ಲ, ಅರ್ಥನಿರ್ಣಯದ ಪ್ರಶ್ನೆ. ಅದು ನನ್ನ ಕಸುಬು. ಅರ್ಜಿಯನ್ನು ನನ್ನಲ್ಲಿಯೇ ಇಟ್ಟುಕೊಂಡು, ಮರುದಿನ ಆ ಯಂತ್ರವನ್ನು ತರುವಂತೆ ಹೇಳಿದೆ.

ಇಲ್ಲಿ ಆ ತಂತ್ರಾಂಶದ ವಿಚಾರ ಎರಡು ಮಾತು. ಗಣಕಯಂತ್ರದ ಪರದೆಯ ಮೇಲೆ ಗೆರೆ ಎಳೆದು, ಅದನ್ನು ತಿದ್ದಿ, ಬಗ್ಗಿಸಿ ನಕ್ಷೆ ರಚಿಸಬಹುದೆಂದು ಮೊದಲು ಮನಗಾಣಿಸಿದವರಲ್ಲಿ ಐವನ್ ಸದರ್‌ಲ್ಯಾಂಡ್ ಪ್ರಮುಖರು. 1963ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸಲ್ಲಿಸಿದ ಪ್ರಬಂಧದಲ್ಲಿ ಅವರು 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆಯನ್ನು ವಿವರಿಸಿದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆಯೇ ಬರೆಯುವ ಏರ್ಪಾಡು ಅದು. ಆಗ ಅದಕ್ಕೆ ಬೇಕಾಗಿದ್ದ ಯಂತ್ರ ಒಂದು ಕೊಠಡಿಯನ್ನು ತುಂಬುವಂಥದ್ದು. ಮೇಜಿನ ಮೇಲಿಡುವ ಸಣ್ಣ ಯಂತ್ರಗಳಿಗೆ ಈ ವಿದ್ಯೆಯನ್ನು ಇಳಿಸಿದ್ದು, ಕ್ಯಾಲಿಫೋರ್ನಿಯಾದಲ್ಲಿ ಜಾನ್ ವಾಕರ್ ಮೊದಲಾದವರು 1982ರಲ್ಲಿ ಸ್ಥಾಪಿಸಿದ ಆಟೋಡೆಸ್ಕ್ ಸಂಸ್ಥೆ ಅದೇ ವರ್ಷ ಹೊರತಂದ ಆಟೋಕ್ಯಾಡ್. ಹುಡುಗನ ಕಷ್ಟಕ್ಕೆ ಕಾರಣವಾದದ್ದೂ ಇದೇ.

ಒಂದು ಸ್ಥಳವನ್ನು ಮಾತಿನಲ್ಲಿ ಹೇಳುವುದಕ್ಕೆ ಎರಡು ಬಗೆಗಳಿವೆ. ಪೂರ್ವಕ್ಕೆ ಇಷ್ಟು ಹೆಜ್ಜೆ, ಅಲ್ಲಿಂದ ಉತ್ತರಕ್ಕೆ ಇಷ್ಟು ಹೆಜ್ಜೆ ಎನ್ನುವುದು ಒಂದು ಬಗೆ. ಚೌಕಚೌಕವಾಗಿ ಬೀದಿಗಳಿರುವ ಬಡಾವಣೆಗಳಲ್ಲಿ ಅಡ್ಡರಸ್ತೆ, ಮುಖ್ಯರಸ್ತೆಗಳ ಸಂಖ್ಯೆ ಹೇಳುವಾಗ ನಾವು ಮಾಡುವುದು ಇದನ್ನೇ. ಫ್ರಾನ್ಸಿನ ದಾರ್ಶನಿಕ ದೇಕಾರ್ತ್ 1637ರಲ್ಲಿ ಪ್ರಕಟಿಸಿದ ಜ್ಯಾಮಿತಿಯ ಗ್ರಂಥದಿಂದಾಗಿ ಈ ಪದ್ಧತಿಗೆ ಅವನ ಹೆಸರೇ ನಿಂತಿದೆ. ಎರಡನೆಯದು ಬಯಲಿನಲ್ಲಿ ನಡೆಯುವವನ ಬಗೆ. ವಿಜಯಪುರದ ಸುತ್ತಿನ ಹೊಲಗಳಲ್ಲಿ ನಿಂತವನು ಗೋಳಗುಮ್ಮಟದ ಕಡೆಗೆ ಕೈತೋರಿಸಿ, "ಅತ್ತ ನೇರವಾಗಿ ಒಂದು ಮೈಲಿ" ಎನ್ನುತ್ತಾನೆ. ದಿಕ್ಕು ಒಂದು, ದೂರ ಒಂದು. ಅಷ್ಟರಲ್ಲಿ ಸ್ಥಳ ಗೊತ್ತಾಯಿತು. ಇದಕ್ಕೆ ಗಣಿತದಲ್ಲಿ ಧ್ರುವೀಯ ನಿರ್ದೇಶಾಂಕಗಳೆಂದು ಹೆಸರು. ಯಾವ ಬಿಂದುವಿನಿಂದ ದೂರವನ್ನೂ ದಿಕ್ಕನ್ನೂ ಎಣಿಸುತ್ತೇವೆಯೋ ಆ ಬಿಂದುವೇ ಧ್ರುವ. ಸ್ವಿಸ್ ಗಣಿತಜ್ಞ ಯಾಕೋಬ್ ಬರ್ನೂಲಿ 1691ರಲ್ಲಿ ಈ ಪದ್ಧತಿಯನ್ನು ಕುರಿತು ಲೇಖನ ಪ್ರಕಟಿಸಿದ. ನ್ಯೂಟನ್ ಅದಕ್ಕೂ ಮೊದಲೇ ಬರೆದಿಟ್ಟಿದ್ದನಾದರೂ ಆ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1736ರಲ್ಲಿ.

ಅಡ್ಡ, ನೆಟ್ಟ ಗೆರೆಗಳಿಗೆ ದೇಕಾರ್ತನ ಬಗೆಯೇ ಸಾಕು. ಓರೆಗೆರೆ ಬಂದಾಗ ಅದು ಕಾಡುತ್ತದೆ. 50 ಮಾನ ಉದ್ದದ, 60 ಡಿಗ್ರಿ ಏರುವ ಒಂದು ಗೆರೆ ಬೇಕೆನ್ನಿ. ಅದರ ತುದಿ ಪೂರ್ವಕ್ಕೆ 25 ಮಾನ ಸರಿದಿರುತ್ತದೆ, ಇದೇನೋ ಸಲೀಸು. ಆದರೆ ಉತ್ತರಕ್ಕೆ ಎಷ್ಟು ಏರಿದೆ? 43.3013 ಎಂದು ಬರೆದರೂ ಅದು ಮುಗಿಯಲಿಲ್ಲ. ದಶಮಾಂಶದ ಬಾಲ ಕೊನೆಯಿಲ್ಲದೆ ಬೆಳೆಯುತ್ತದೆ. ನಕ್ಷೆಗಾರ ಪ್ರತಿಯೊಂದು ಓರೆಗೆರೆಗೂ ಹೀಗೆ ಗುಣಿಸಿ ಕುಳಿತರೆ ಮನೆ ಕಟ್ಟಿ ಮುಗಿಯುವುದು ಎಂದಿಗೆ? ಆ ಕೆಲಸವನ್ನು ಯಂತ್ರಕ್ಕೆ ಬಿಟ್ಟು, ಉದ್ದ ಮತ್ತು ಕೋನಗಳನ್ನು ಮಾತ್ರ ಹೇಳಿದರೆ ಸಾಕೆನ್ನುವುದು ಧ್ರುವೀಯ ಪದ್ಧತಿಯ ಉಪಕಾರ.

ಒಂದು ಪ್ರಾಸಂಗಿಕ ಮಾತು. ಯಂತ್ರ ಒಳಗೊಳಗೇ ಮಾಡುವ ಆ ಲೆಕ್ಕ 'ಸೈನ್' ಮತ್ತು 'ಕೊಸೈನ್'ಗಳ ಲೆಕ್ಕ. ಸೈನ್ ಎಂಬ ಶಬ್ದದ ಹುಟ್ಟು ನಮ್ಮ 'ಜ್ಯಾ'ದಲ್ಲಿದೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ಅದರ ಇನ್ನೊಂದು ರೂಪವಾದ 'ಜೀವಾ' ಅರಬ್ಬಿಗೆ ಹೋಗಿ, ಸ್ವರಚಿಹ್ನೆಯಿಲ್ಲದ ಆ ಲಿಪಿಯಲ್ಲಿ ಮಡಿಲು, ಕೊಲ್ಲಿ ಎಂಬರ್ಥದ ಬೇರೊಂದು ಶಬ್ದವಾಗಿ ಓದಲ್ಪಟ್ಟು, ಲ್ಯಾಟಿನ್ನಿನಲ್ಲಿ ಅದೇ ಅರ್ಥದ 'ಸೈನಸ್' ಆಯಿತು. 499ರ ಆರ್ಯಭಟೀಯದಲ್ಲಿ 24 ಜ್ಯಾಗಳ ಕೋಷ್ಟಕವೇ ಅಡಕವಾಗಿದೆ. ತ್ರಿಜ್ಯ 3438 ಆದರೆ 30 ಡಿಗ್ರಿಯ ಜ್ಯಾ 1719, ಅಂದರೆ ನೇರ ಅರ್ಧ. ಹೆದೆ ಮಡಿಲಾದ ಈ ಕಥೆಯನ್ನು ಭಾಷಾವಿಜ್ಞಾನದ ತರಗತಿಯಲ್ಲಿ ಹಲವು ಸಲ ಹೇಳಿದ್ದೆ. ಅದು ನೆರೆಮನೆಯ ಹುಡುಗನ ಪರೀಕ್ಷೆಗೆ ಬಂದು ತಾಗುತ್ತದೆಂದು ಎಣಿಸಿರಲಿಲ್ಲ.

ಇರಲಿ. ಮರುದಿನ ಯಂತ್ರ ಬಂತು. ಹುಡುಗ ತೋರಿಸಿದ ಕ್ರಮ ಹೀಗಿದೆ. ಮೊದಲು 'ಲೈನ್' ಎಂದು ಆಜ್ಞೆ. ಯಂತ್ರ ಮೊದಲ ಬಿಂದು ಯಾವುದೆಂದು ಕೇಳುತ್ತದೆ. 100,100 ಎಂದು ಒತ್ತಿದ. ಅಂದರೆ ಮೂಲಬಿಂದುವಿನಿಂದ ಪೂರ್ವಕ್ಕೆ ನೂರು, ಉತ್ತರಕ್ಕೆ ನೂರು. ಮುಂದಿನ ಬಿಂದು ಯಾವುದೆಂದು ಕೇಳುತ್ತದೆ, 50<0 ಎಂದ. ನಡುವಿನ ಆ ಮಲಗಿದ ಕೋನದ ಚಿಹ್ನೆಯ ಎಡಕ್ಕೆ ದೂರ, ಬಲಕ್ಕೆ ದಿಕ್ಕು. ಪೂರ್ವ ದಿಕ್ಕು ಸೊನ್ನೆ. ಅಲ್ಲಿಂದ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಎಣಿಸುತ್ತ ಹೋದರೆ ಉತ್ತರ 90, ಪಶ್ಚಿಮ 180, ದಕ್ಷಿಣ 270. ದೇವರ ಸುತ್ತ ನಾವು ಬರುವ ಕ್ರಮಕ್ಕೆ ಇದು ನೇರ ವಿರುದ್ಧ, ಗಣಿತಜ್ಞರದು ಅಪ್ರದಕ್ಷಿಣೆ. ಪ್ರದಕ್ಷಿಣೆಯಾಗಿಯೇ ಎಣಿಸಬೇಕೆಂದರೆ ಅಂಕಿಯ ಹಿಂದೆ ಋಣಚಿಹ್ನೆ ಇಡಬೇಕು. <-30 ಎಂದರೂ <330 ಎಂದರೂ ಒಂದೇ. ದಿಕ್ಸೂಚಿ ಹಿಡಿದ ಮೋಜಣಿದಾರ ಉತ್ತರವನ್ನು ಸೊನ್ನೆಯೆಂದಿಟ್ಟು ಪ್ರದಕ್ಷಿಣೆಯಾಗಿ ಎಣಿಸುವುದರಿಂದ, ಅವನ ಅಂಕಿಯನ್ನು 90ರಿಂದ ಕಳೆದು ಇಲ್ಲಿಗೆ ತರಬೇಕು. ಬೇಕೆಂದವರು ಸೊನ್ನೆಯ ದಿಕ್ಕನ್ನೂ ಸುತ್ತುವ ಕ್ರಮವನ್ನೂ ತಂತ್ರಾಂಶದಲ್ಲಿಯೇ ಬದಲಾಯಿಸಿಕೊಳ್ಳಬಹುದು.

ಮುಂದೆ 50<60, 50<120, 50<180, 50<240, 50<300 ಎಂದು ಒತ್ತುತ್ತ ಹೋದ. ನೋಡುನೋಡುತ್ತಿದ್ದಂತೆ ಆರು ಬದಿಗಳೂ ಮೂಡಿ, ಕೊನೆಯ ಗೆರೆ ಹೊರಟ ಬಿಂದುವಿಗೇ ಬಂದು ಸೇರಿತು. ತಪ್ಪೆಲ್ಲಿದೆ? ಕಾಲೇಜಿನಲ್ಲಿ ಬಂದ ಚಿತ್ರವನ್ನು ಕಾಗದದ ಮೇಲೆ ಬರೆದು ತೋರಿಸು ಎಂದೆ. ಅವನು ಬರೆದದ್ದು ಗಾಳಿಪಟದಂತಿತ್ತು: ಕೆಳಗೆ ಒಂದು ಬದಿ ಬಿಟ್ಟುಹೋದ ಷಡ್ಭುಜ, ಅದರಿಂದ ಬಲಮೇಲ್ಗಡೆಗೆ ಚಾಚಿದ ಒಂದು ಉದ್ದ ಬಾಲಂಗೋಚಿ. "ಪಾಠದ ಪುಸ್ತಕದಲ್ಲಿ ಏನಿದೆ?" ಎಂದು ಕೇಳಿದೆ. ಪುಸ್ತಕದಲ್ಲಿ ಪ್ರತಿಯೊಂದು ಅಂಕಿಗೂ ಹಿಂದೆ ಒಂದು ಚಿಹ್ನೆಯಿತ್ತು. ಇಂಗ್ಲಿಷಿನ ಮೊದಲ ಅಕ್ಷರವನ್ನು ಅದರ ಬಾಲವೇ ಸುತ್ತಿಕೊಂಡಂತಿರುವ @. ಇಮೇಲ್ ವಿಳಾಸಗಳಲ್ಲಿ ನೀವೂ ನೋಡಿರುತ್ತೀರಿ. "ಅದು ಇಲ್ಲದೆಯೂ ಇಲ್ಲಿ ಬರುತ್ತದಲ್ಲ ಸಾರ್, ಆದ್ದರಿಂದ ಬಿಟ್ಟೆ" ಎಂದ. ಆ ಚಿಹ್ನೆಗೆ ಪುಸ್ತಕ ಕೊಟ್ಟ ವಿವರಣೆ 'ರಿಲೇಟಿವ್' ಎಂಬ ಒಂದೇ ಶಬ್ದ, ಅದಿಲ್ಲದಿದ್ದರೆ 'ಅಬ್ಸಲ್ಯೂಟ್'. ಹುಡುಗನಿಗೆ ಈ ಎರಡು ಶಬ್ದಗಳೂ ಬಾಯಿಪಾಠವಾಗಿದ್ದವು. ಅರ್ಥ ಮಾತ್ರ ಹತ್ತಿರ ಸುಳಿದಿರಲಿಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ. ಶಾಲೆಯಲ್ಲಿ ನಾವೆಲ್ಲ ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಒಪ್ಪಿಸಿದವರು: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಇವುಗಳಲ್ಲಿ ಐದನೆಯದು ನಗೆಪಾಟಲಿನ ಪ್ರತ್ಯಯ. ಮರದ ದೆಸೆಯಿಂದ ಹಣ್ಣು ಬಿದ್ದಿತೆಂದು ಯಾವ ಕನ್ನಡಿಗನೂ ಮಾತನಾಡುವುದಿಲ್ಲ, ಮರದಿಂದ ಬಿದ್ದಿತೆನ್ನುತ್ತಾನೆ. ಹಳಗನ್ನಡದಲ್ಲಿ ಇದರ ಸ್ಥಾನದಲ್ಲಿ 'ಅತ್ತಣಿಂ' ಇದೆ. ಪಂಚಮಿ ಕನ್ನಡಕ್ಕೆ ಸಹಜವಾದದ್ದೇ ಅಲ್ಲವೆಂಬ ವಾದವೂ ಉಂಟು. ಆದರೆ ಶಬ್ದವನ್ನು ಒಡೆದು ನೋಡಿ: ದೆಸೆ ಎಂದರೆ ದಿಕ್ಕು, ಅತ್ತ ಎಂದರೂ ದಿಕ್ಕು. ಹೊರಟ ಸ್ಥಳವನ್ನು ಹೇಳಬೇಕಾದಾಗ ನಮ್ಮ ವೈಯಾಕರಣರಿಗೆ ದಿಕ್ಕಿನ ನೆನಪಾಗದೆ ಇರಲಿಲ್ಲ. ಇನ್ನು ಸಂಸ್ಕೃತದಲ್ಲಿ ಪಂಚಮಿಯ ಅರ್ಥಕ್ಕೆ ಅಪಾದಾನವೆಂದು ಹೆಸರು. ಒಂದರಿಂದ ಇನ್ನೊಂದು ಅಗಲುವಾಗ ಯಾವುದು ಅಲುಗದೆ ನಿಲ್ಲುತ್ತದೆಯೋ ಅದು ಅಪಾದಾನ. ಆ ನಿಂತ ವಸ್ತುವಿಗೆ ಪಾಣಿನಿ ಬಳಸಿದ ಶಬ್ದ 'ಧ್ರುವ'. ಬರ್ನೂಲಿಯ ಪದ್ಧತಿಗೆ ಭಾಷಾಂತರಕಾರರು ಧ್ರುವೀಯವೆಂದು ಹೆಸರಿಡುವಾಗ ಅವರ ಕಣ್ಣಮುಂದೆ ಇದ್ದದ್ದು ಇಂಗ್ಲಿಷಿನ 'ಪೋಲ್' ಶಬ್ದವೇ ಹೊರತು ಪಾಣಿನಿಯಲ್ಲವೆಂದು ನನ್ನ ಊಹೆ. ಆದರೂ ಶಬ್ದ ತನ್ನ ಮನೆಯನ್ನು ತಾನೇ ಹುಡುಕಿಕೊಂಡು ಬಂದಿದೆ.

"@ ಎಂದರೆ 'ಇಲ್ಲಿಂದ' ಎಂದು ಓದು" ಎಂದೆ. "@50<60 ಎಂಬುದು ಸಂಕೇತವಲ್ಲ, ಒಂದು ವಾಕ್ಯ. ಇಲ್ಲಿಂದ, ಐವತ್ತು ಮಾನ, ಅರವತ್ತರ ದಿಕ್ಕಿಗೆ. ಪಂಚಮಿಯನ್ನು ಕಿತ್ತುಹಾಕಿದರೆ ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಯಾರೂ ಉತ್ತರ ಹೇಳದಿದ್ದಾಗ ಯಂತ್ರ ತನಗೆ ಗೊತ್ತಿರುವ ಒಂದೇ ಒಂದು ಧ್ರುವಕ್ಕೆ, ಅಂದರೆ 0,0 ಎಂಬ ಮೂಲಬಿಂದುವಿಗೆ ಹೋಗುತ್ತದೆ." ಹುಡುಗ ತನ್ನ ಗಾಳಿಪಟವನ್ನು ಮತ್ತೆ ನೋಡಿದ. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. 100,100ರಲ್ಲಿ ನಿಂತ ಗೆರೆಗೆ 50<0 ಎಂದಾಗ ಅದು ಪೂರ್ವಕ್ಕೆ ಐವತ್ತು ಹೆಜ್ಜೆ ನಡೆಯದೆ, ಮೂಲಬಿಂದುವಿನ ಪೂರ್ವಕ್ಕೆ ಐವತ್ತು ಮಾನದಲ್ಲಿರುವ 50,0 ಎಂಬ ಸ್ಥಳಕ್ಕೆ ಹಾರಿತ್ತು, ಅದೇ ಬಾಲ. ಅಲ್ಲಿಂದ ಮುಂದಿನ ಐದು ಬಿಂದುಗಳೂ ಮೂಲದಿಂದ ಐವತ್ತು ಮಾನ ದೂರದಲ್ಲಿ, ಅರವತ್ತು ಡಿಗ್ರಿಗೊಂದರಂತೆ ಸುತ್ತಲೂ ಬಿದ್ದಿದ್ದವು.

ಹಾಗಾದರೆ ತಪ್ಪಾಗಿ ಹೇಳಿದರೂ ಷಡ್ಭುಜವೇ ಏಕೆ ಬಂತು? ಇದು ನನ್ನನ್ನು ಎರಡು ದಿನ ಹಿಡಿದ ಪ್ರಶ್ನೆ. ಸಮಷಡ್ಭುಜದಲ್ಲಿ ಬದಿಯ ಉದ್ದವೂ ನಡುವಿನಿಂದ ಮೂಲೆಗಿರುವ ದೂರವೂ ಒಂದೇ. ಸಮಭುಜಾಕೃತಿಗಳ ಪೈಕಿ ಈ ಗುಣ ಇದೊಂದಕ್ಕೇ ಇದೆ. ಆದಕಾರಣ ಬದಿಯಾಗಿ ನಡೆಯಬೇಕಾದ ಐವತ್ತು, ತ್ರಿಜ್ಯವಾಗಿ ನಿಂತಾಗಲೂ ಅದೇ ಗಾತ್ರದ ಷಡ್ಭುಜ ಬೇರೊಂದು ಸ್ಥಳದಲ್ಲಿ ಮೂಡಿತು. ಪರೀಕ್ಷೆಯಲ್ಲಿ ಪಂಚಭುಜ ಕೇಳಿದ್ದರೆ ಬದಿ 50ರ ಬದಲು 58.78 ಆಗಿ, ತಪ್ಪು ಬೇಗ ಬಯಲಿಗೆ ಬರುತ್ತಿತ್ತು. ಅರ್ಧ ಸರಿಯಾದ ಉತ್ತರ ಪೂರ್ತಿ ತಪ್ಪಿಗಿಂತ ಹೆಚ್ಚು ದಾರಿತಪ್ಪಿಸುವುದನ್ನು ಉತ್ತರಪತ್ರಿಕೆಗಳಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ.

ಮನೆಯ ಯಂತ್ರ ಮಾತ್ರ ಚಿಹ್ನೆಯಿಲ್ಲದೆಯೂ ಹೇಗೆ ಅರ್ಥಮಾಡಿಕೊಂಡಿತು? ಹೇಳಿದ ವಾಕ್ಯದಲ್ಲಿ ಬಿಟ್ಟುಹೋದ ಪದವನ್ನು ಕೇಳುವವನೇ ಸೇರಿಸಿಕೊಳ್ಳುವುದಕ್ಕೆ ಅಧ್ಯಾಹಾರವೆನ್ನುತ್ತಾರೆ. ಆಟೋಕ್ಯಾಡಿನ 2006ರ ಆವೃತ್ತಿಯಲ್ಲಿ 'ಡೈನಮಿಕ್ ಇನ್‌ಪುಟ್' ಎಂಬ ಸೌಕರ್ಯ ಬಂತು. ಅಂಕಿಗಳು ಪರದೆಯ ಕೆಳಗಿನ ಆಜ್ಞೆಯ ಸಾಲಿನ ಬದಲು ಗೆರೆಯ ಪಕ್ಕದಲ್ಲಿಯೇ ಸಣ್ಣ ಪೆಟ್ಟಿಗೆಗಳಲ್ಲಿ ಮೂಡುತ್ತವೆ. ಎರಡನೆಯ ಬಿಂದುವಿನಿಂದ ಮುಂದಕ್ಕೆ 'ಇಲ್ಲಿಂದ' ಎಂಬುದನ್ನು ಯಂತ್ರವೇ ಅಧ್ಯಾಹಾರ ಮಾಡಿಕೊಳ್ಳುತ್ತದೆ. ಮೂಲಬಿಂದುವಿನಿಂದಲೇ ಎಂದು ಹೇಳಬೇಕಾದವರು ಆಗ # ಚಿಹ್ನೆಯನ್ನು ಹಾಕಬೇಕು. ಕೀಲಿಮಣೆಯ ಮೇಲಿನ ಸಾಲಿನಲ್ಲಿರುವ ಎಫ್12 ಎಂಬ ಕೀಲಿಯನ್ನು ಒತ್ತಿದರೆ ಈ ಸೌಕರ್ಯ ಆರುತ್ತದೆ, ಮತ್ತೆ ಒತ್ತಿದರೆ ಹತ್ತುತ್ತದೆ. ಒತ್ತಿ ನೋಡಿದೆವು. ಬಾಲಂಗೋಚಿ ಸಹಿತ ಗಾಳಿಪಟ ನಮ್ಮ ಮನೆಯ ಜಗಲಿಯಲ್ಲಿಯೇ ಮೂಡಿತು. ಕಾಲೇಜಿನ ಯಂತ್ರದಲ್ಲಿ ಯಾರೋ ಅದನ್ನು ಆರಿಸಿಟ್ಟಿದ್ದರು, ವಿಷಯ ಇಷ್ಟೇ. @ ಹಾಕಿ ಒತ್ತಿದರೆ ಎರಡು ಸ್ಥಿತಿಯಲ್ಲಿಯೂ ಅರ್ಥ ಒಂದೇ. ಅಧ್ಯಾಹಾರವನ್ನು ನಂಬಿ ಬರೆಯುವ ವಿದ್ಯಾರ್ಥಿಗಳಿಗೆ ನಾನು ಕಾಲು ಅಂಕ ಕಳೆಯುತ್ತಿದ್ದದ್ದು ಸರಿಯೆಂದು ಆ ಹೊತ್ತು ಸ್ವಲ್ಪ ಹೆಮ್ಮೆಪಟ್ಟೆ.

ಇನ್ನೊಂದು ತೊಡಕನ್ನು ಹೇಳದೆ ಬಿಡುವಂತಿಲ್ಲ. ಅದು ನನಗೇ ಆದದ್ದು. ಷಡ್ಭುಜದ ಪ್ರತಿ ಮೂಲೆಯಲ್ಲೂ ಅರವತ್ತು ಡಿಗ್ರಿ ತಿರುಗಬೇಕಲ್ಲವೇ ಎಂದುಕೊಂಡು ನಾನು ಪ್ರತಿಸಲವೂ @50<60 ಎಂದು ಒತ್ತಿದೆ. ಗೆರೆ ಎಲ್ಲಿಯೂ ತಿರುಗದೆ ಕೋಲಿನಂತೆ ಒಂದೇ ದಿಕ್ಕಿಗೆ ಬೆಳೆಯುತ್ತ ಹೋಯಿತು. 'ಇಲ್ಲಿಂದ' ಎಂಬುದು ದೂರಕ್ಕೆ ಮಾತ್ರ ಅನ್ವಯ. ದಿಕ್ಕು ಯಾವಾಗಲೂ ಪೂರ್ವದಿಂದಲೇ ಎಣಿಸತಕ್ಕದ್ದು, ಹಿಂದಿನ ಗೆರೆಯಿಂದಲ್ಲ. ನಡೆಯುವವನು ಬದಲಾದರೂ ಪೂರ್ವ ಬದಲಾಗುವುದಿಲ್ಲ. ತಿರುವುಗಳನ್ನು ಕೂಡಿಸುತ್ತ ಹೋಗುವುದು ನಮ್ಮ ಹೊಣೆ. ಇದು ತಿಳಿದ ಮೇಲೆ ಆ ರಾತ್ರಿ 0, 216, 72, 288, 144 ಎಂಬ ಐದು ದಿಕ್ಕುಗಳಿಗೆ ನೂರು ನೂರು ಮಾನ ನಡೆದು ಐದು ಮೂಲೆಯ ನಕ್ಷತ್ರವೊಂದನ್ನು ಬರೆದೆ. ಮನೆಯವರು ಎದ್ದು ಬಂದು, ಈ ವಯಸ್ಸಿನಲ್ಲಿ ರಂಗೋಲಿಯೇ ಎಂದು ಕೇಳಿದರು.

ಅರ್ಜಿ ನನ್ನ ಮೇಜಿನ ಖಾನೆಯಲ್ಲಿಯೇ ಉಳಿಯಿತು. ಹುಡುಗ ಮುಂದಿನ ಸಲ ತೇರ್ಗಡೆಯಾಗಿ, ಡಿಪ್ಲೊಮಾ ಮುಗಿಸಿ, ಈಗ ಮನೆ ನಕ್ಷೆ ಬರೆಯುವ ಒಬ್ಬ ಖಾಸಗಿ ಇಂಜಿನಿಯರರ ಬಳಿ ಇದ್ದಾನೆ. ಕಳೆದ ತಿಂಗಳು ಮತ್ತೆ ಬಂದಿದ್ದ, ಈ ಬಾರಿ ಒಂದು ನಿವೇಶನದ ಸಮಸ್ಯೆಯೊಡನೆ.

ನಮ್ಮ ಊರುಗಳ ಬಡಾವಣೆಗಳಲ್ಲಿ ಮೂಲೆಗೆ ಸಿಕ್ಕ ಸೊಟ್ಟ ನಿವೇಶನಗಳನ್ನು ಕ್ರಯಪತ್ರದಲ್ಲಿ ಬರೆಯುವ ರೀತಿ ನಿಮಗೆ ಗೊತ್ತಿದೆ. ಪೂರ್ವ-ಪಶ್ಚಿಮ (38+42)/2 ಅಡಿ, ಉತ್ತರ-ದಕ್ಷಿಣ (60+57)/2 ಅಡಿ, ಹೀಗೆ. ಎದುರುಬದುರಿನ ಬದಿಗಳ ಸರಾಸರಿಯಿಂದ ವಿಸ್ತೀರ್ಣ ಹೇಳಿ ಕೈತೊಳೆದುಕೊಳ್ಳುವ ಬಗೆ ಅದು. ಕೋನದ ಸುದ್ದಿಯೇ ಇಲ್ಲ. ನಾಲ್ಕು ಬದಿಗಳ ಉದ್ದ ಗೊತ್ತಿದ್ದ ಮಾತ್ರಕ್ಕೆ ಚತುರ್ಭುಜದ ಆಕಾರ ಗೊತ್ತಾಗುವುದಿಲ್ಲ. ಮೊಳೆ ಸಡಿಲವಾದ ಮಂಚದ ಚೌಕಟ್ಟಿನಂತೆ ಅದು ಅತ್ತಿತ್ತ ವಾಲಬಲ್ಲದು. ಹುಡುಗ ದಕ್ಷಿಣದ ಬದಿಯನ್ನು @38<0 ಎಂದು ಎಳೆದಿದ್ದ. ನೈಋತ್ಯದ ಮೂಲೆ ಮಟ್ಟಸವಾಗಿದೆಯೆಂದು ನಂಬಿ, ಅಲ್ಲಿಂದ ಪಶ್ಚಿಮದ ಬದಿಯನ್ನು @60<90 ಎಂದು ಎಳೆದಿದ್ದ. ಉಳಿದೆರಡು ಬದಿಗಳೂ ಹೊಂದಿಕೊಂಡು ನಕ್ಷೆ ಚೆನ್ನಾಗಿಯೇ ಮುಚ್ಚಿಕೊಂಡಿತ್ತು.

ಅದನ್ನು ಹಿಡಿದವರು ಅವನ ತಂದೆ. ಅವರಿಗೆ ಸೈನ್ ಗೊತ್ತಿಲ್ಲ; ಮೂರು, ನಾಲ್ಕು, ಐದು ಗೊತ್ತು, ದಾರ ಗೊತ್ತು. ಸೊಟ್ಟ ಜಾಗದಲ್ಲಿ ಕರ್ಣ ಹಿಡಿಯದೆ ತಾನು ಎಂದೂ ಪಾಯ ತೆಗೆದವನಲ್ಲ ಎಂದರಂತೆ. ತಂದೆ ಮಗ ಇಬ್ಬರೂ ಹೋಗಿ ಆಗ್ನೇಯದ ಕಲ್ಲಿನಿಂದ ವಾಯವ್ಯದ ಕಲ್ಲಿಗೆ ಟೇಪು ಹಿಡಿದರು. ಮೂಲೆ ಮಟ್ಟಸವಾಗಿದ್ದರೆ 71 ಅಡಿ ಬರಬೇಕು, ಬಂದದ್ದು 70. ಕರ್ಣದಲ್ಲಿ ಒಂದೇ ಒಂದು ಅಡಿ. ಆದರೆ ಆ ಮೂರು ಉದ್ದಗಳಿಂದ ಲೆಕ್ಕ ಹಾಕಿದರೆ ನೈಋತ್ಯದ ಕೋನ 90 ಅಲ್ಲ, 88.19 ಡಿಗ್ರಿ. ಎರಡು ಡಿಗ್ರಿಗೂ ಕಡಿಮೆ ಎಂದು ಉದಾಸೀನ ಮಾಡುವಂತಿಲ್ಲ: ಅರವತ್ತು ಅಡಿ ನಡೆದ ಮೇಲೆ ಅದು ಒಂದು ಅಡಿ ಹನ್ನೊಂದು ಅಂಗುಲದಷ್ಟು ಆಗುತ್ತದೆ. ಮೊದಲಿನ ನಕ್ಷೆಯಂತೆ ಗೋಡೆ ಎದ್ದಿದ್ದರೆ ವಾಯವ್ಯದ ಮೂಲೆ ಅಷ್ಟರಮಟ್ಟಿಗೆ ಪಶ್ಚಿಮದ ನೆರೆಯವರ ಜಾಗದಲ್ಲಿ ಇರುತ್ತಿತ್ತು. ಅರ್ಧ ಅಡಿಗೆ ಇಪ್ಪತ್ತು ವರ್ಷ ನ್ಯಾಯಾಲಯ ಅಲೆದ ಮನೆತನಗಳು ನಮ್ಮ ಊರಿನಲ್ಲಿಯೇ ಇವೆ.

ನನ್ನ ಬಳಿ ಅವನು ಬಂದದ್ದು ಆ ಲೆಕ್ಕವನ್ನು ತೋರಿಸುವುದಕ್ಕೆ, ಕೇಳುವುದಕ್ಕೇನೂ ಇರಲಿಲ್ಲ. ಜಗಲಿಯ ಮೇಲೆ ಯಂತ್ರವನ್ನು ತೆರೆದು ಹಳೆಯ ಗೆರೆಯನ್ನು ಅಳಿಸಿ, ಬಾಯಲ್ಲಿ "ಇಲ್ಲಿಂದ, ಅರವತ್ತು ಅಡಿ" ಎನ್ನುತ್ತ @60<88.19 ಎಂದು ಒತ್ತಿದ. ತಂದೆ ಹಿಂದೆ ನಿಂತು, ಗೆರೆ ಕೂದಲೆಳೆಯಷ್ಟು ಬಲಕ್ಕೆ ವಾಲುವುದನ್ನು ನೋಡುತ್ತಿದ್ದರು.